ಎಲ್ಲಿಗೆ ಅಂತ ಕೇಳಬಾರದು

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಆಗುವುದಿಲ್ಲ ಎನ್ನುತ್ತಾರೆ. ಲಾರಿಯವರ ಮನೆಗಳಲ್ಲಿ ಈ ಮಾತಿಗೆ ಇನ್ನೂ ಬಿಗಿ ಜಾಸ್ತಿ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕ್ಲೀನರ್ ಆಗಿ ಲಾರಿ ಹತ್ತಿದವನು. ಡ್ರೈವರ್ ಆದೆ, ಕಡೆಗೆ ಸ್ವಂತ ಲಾರಿ ಮಾಡಿದೆ. ಕಂಪ್ಲಿಯ ರೈಸ್ ಮಿಲ್ಲುಗಳಿಂದ ಅಕ್ಕಿ ತುಂಬಿಕೊಂಡು ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಘಟ್ಟ ಇಳಿದು ಅಂಕೋಲಾ, ಕುಮಟಾ, ಹೊನ್ನಾವರ. ಬರುವಾಗ ಹಂಚೋ ತೆಂಗಿನಕಾಯಿಯೋ. ಅಷ್ಟೂ ವರ್ಷ ನನ್ನ ಹೆಂಡತಿ ಹೊಸಪೇಟೆಯ ನಮ್ಮ ಮನೆಯ ಹೊಸ್ತಿಲಲ್ಲಿ ನಿಂತು ರೊಟ್ಟಿ ಬುತ್ತಿ ಕೈಗೆ ಕೊಡುತ್ತಿದ್ದಳು. ಎಲ್ಲಿಗೆ ಎಂದು ಒಮ್ಮೆಯೂ ಬಾಯಿ ತೆರೆಯಲಿಲ್ಲ. ನಾನು ಹೋದ ಮೇಲೆ ಎಷ್ಟೋ ಹೊತ್ತು ಕಸಬರಿಗೆ ಮುಟ್ಟುತ್ತಿರಲಿಲ್ಲ. ಹೊರಟವರ ಬೆನ್ನಿಗೆ ಕಸ ಗುಡಿಸಬಾರದು. ತಿರುಗಿ ಬಂದಾಗ ನನಗೆ ಬೇಕಾಗಿದ್ದು ಬಿಸಿನೀರು, ನಿದ್ದೆ. ದಾರಿಯ ಮಾತು ಮನೆಯೊಳಗೆ ಬರಲೇ ಇಲ್ಲ.

ಮೊಣಕಾಲು ಮಾತು ಕೇಳದಾದಾಗ ಲಾರಿ ಮಾರಿದೆ. ಅದಾದ ಮೇಲೆ ಒಂದು ಚಳಿಗಾಲದಲ್ಲಿ ಬೀಗರನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆವು. ಬಂಡೆಗಳ ನೆರಳಲ್ಲಿ ಒಂದು ಮೋಟಾರ್ ಹೋಮ್ ನಿಂತಿತ್ತು. ಗಂಡ ಹೆಂಡತಿ ಇಬ್ಬರೇ, ಯಾವುದೋ ದೂರದ ಊರಿನವರು, ಬಾಗಿಲು ತೆರೆದು ಚಹಾ ಕಾಸುತ್ತಿದ್ದರು. ನನ್ನವಳು ಸಂಕೋಚವಿಲ್ಲದೆ ಒಳಗೆ ಇಣುಕಿದಳು. ಹಾಸಿಗೆ, ಒಲೆ, ಕೈತೊಳೆಯುವ ಬೇಸಿನ್, ಒಲೆಯ ಪಕ್ಕದಲ್ಲೇ ಕಿಟಕಿ.

"ರೀ, ಅಡಿಗಿ ಮಾಡ್ಕೋಂತ ಗುಡ್ಡ ನೋಡಬಹುದಲ್ರೀ!" ಎಂದಳು.

ಮನೆಗೆ ಬಂದ ಮೇಲೆ ಒಂದು ಸಂಜೆ ತೊಗರಿಬೇಳೆ ಆರಿಸುತ್ತಾ ಕೇಳಿದಳು: "ನಿಮ್ ಲಾರಿ ಹೋಗ್ತಿದ್ದ ದಾರ್‍ಯಾಗ ಇಂಥಾ ಗಾಡಿ ಹೋಗ್ತಾವೇನ್ರಿ?"

ಸಂಡೂರಿನ ಗುಡ್ಡಗಳ ನಡುವೆ ಬೆಳೆದವಳು, ಸಮುದ್ರ ಕಂಡಿಲ್ಲ, ಸಮುದ್ರ ನೋಡಬೇಕೆನ್ನುತ್ತಿದ್ದಾಳೆ ಎಂದುಕೊಂಡೆ. ನನ್ನ ಕೈಗೆ ಕೆಲಸ ಸಿಕ್ಕಿತು. ಶಾಲೆಯೊಂದು ಮಾರಿದ ಹಳೆಯ ಮಿನಿ ಬಸ್ ಕೊಂಡು ಸೀಟು ಕಿತ್ತೆ. ಕಾಗದಪತ್ರಕ್ಕೆ ಓಡಾಡಿದೆ. ಬಾಡಿ ಕಟ್ಟುವ ಶೆಡ್ಡಿನವರು ವೆಲ್ಡಿಂಗ್ ಮಾಡಿಕೊಟ್ಟರು, ಮಿಕ್ಕಿದ್ದೆಲ್ಲ ನನ್ನದೇ. ಮಂಚದ ಎತ್ತರವನ್ನು ಅವಳನ್ನೇ ಕೂರಿಸಿ ಗುರುತು ಹಾಕಿಕೊಂಡೆ. ಒಲೆಯನ್ನೂ ಕಿಟಕಿಯನ್ನೂ ಬಲಗಡೆ ಇಟ್ಟೆ. ಶೆಡ್ಡಿನವರು ಎಡಗಡೆ ಸಲೀಸು ಎಂದರು. ಅಂಕೋಲಾದಿಂದ ಕುಂದಾಪುರದ ಕಡೆ ಇಳಿಯುವಾಗ ಸಮುದ್ರ ಬಲಕ್ಕೆ ಬರುತ್ತದೆ ಎಂದು ಅವರಿಗೇನು ಗೊತ್ತು?

ಓಣಿಯವರಿಗೆ ನಗೆಪಾಟಲಾಯಿತು. ಎದುರು ಮನೆಯ ಕಿರಾಣಿ ಅಂಗಡಿಯವನಂತೂ ದಿನಾ ಬೆಳಿಗ್ಗೆ ಶಟರ್ ಎತ್ತುತ್ತಲೇ ಶುರು ಮಾಡುತ್ತಿದ್ದ.

"ಏನಣ್ಣ, ಮನಿಗೆ ಗಾಲಿ ಹಚ್ಚಿದ್ಯಂತ? ಅಕ್ಕ ಸಿಟ್ಟಾಗಿ ತವರಿಗೆ ಹೊಂಟ್ರ ಮನೀನೂ ಹಿಂದ ಹೋಗ್ತತೇನು?"

"ಹೋಗ್ತತಿ. ನಿನ್ ಅಂಗಡಿ ಮುಂದ ಹಾರ್ನ್ ಹೊಡದೇ ಹೋಗ್ತತಿ. ನೀ ಮೊದ್ಲು ತಕ್ಕಡಿ ನೆಟ್ಟಗ ಹಿಡಿ."

ಒಳಗೋಡೆಗೆ ಪ್ಲೈವುಡ್ ಹೊಡೆಯುವ ಮುಂಚೆ ಬರಿಯ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ದಾರಿ ಬರೆದೆ. ನಕ್ಷೆ ನನ್ನ ತಲೆಯಲ್ಲಿದೆ, ಮೊಬೈಲು ಬೇಕಿರಲಿಲ್ಲ. ಗೋಕರ್ಣ, ಮುರ್ಡೇಶ್ವರ, ಒಂದು ಕಡೆ ಹೊಳೆ ಇನ್ನೊಂದು ಕಡೆ ಸಮುದ್ರ ಇರುವ ಮರವಂತೆ, ಆಮೇಲೆ ಘಟ್ಟ ಹತ್ತಿ ಶಿವಮೊಗ್ಗದ ಗದ್ದೆಗಳ ನಡುವೆ ವಾಪಸ್ಸು. ನೋಡುವಂಥ ಜಾಗಗಳನ್ನೇ ಹೆಕ್ಕಿ ಬರೆದು ಅವಳನ್ನು ಕರೆದು ತೋರಿಸಿದೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಬಹಳ ಹೊತ್ತು ನೋಡಿದಳು.

"ಇದ್ರಾಗ ನೀವೆಲ್ಲಿ ಅದೀರಿ?"

"ಅಂದ್ರ?"

"ಯುಗಾದಿಗೆ ಬರಲಿಲ್ಲಲ್ಲ ಒಂದ್ ವರ್ಷ. ಎಲ್ಲಿ ಉಂಡ್ರಿ? ಮಳಿಗಾಲದಾಗ ಗಾಡಿ ನಿಂತ್ರ ಎಲ್ಲಿ ಮಲಗ್ತಿದ್ರಿ? ನಾ ಕಟ್ಟಿದ್ ರೊಟ್ಟಿ ಯಾವ ಗಿಡದ ಬುಡಕ್ಕ ಬಿಚ್ಚತಿದ್ರಿ? ಸಮುದ್ರ ಫೋನಿನ್ಯಾಗ ಸೊಸಿ ತೋರಿಸ್ಯಾಳ. ನಂಗ ನಿಮ್ ದಾರಿ ತೋರಿಸ್ರಿ. ಹೋಗೋವಾಗ ಕೇಳೋಹಂಗಿರಲಿಲ್ಲ. ಈಗ ಕೇಳಾಕತ್ತೀನಿ."

ಚಿಂದಿ ತೆಗೆದುಕೊಂಡು ಗೋಕರ್ಣ ಒರೆಸಿದೆ, ಮುರ್ಡೇಶ್ವರ ಒರೆಸಿದೆ. ಮರವಂತೆಗೆ ಅವಳೇ ಅಡ್ಡಬಂದಳು: "ಅದೊಂದಿರಲಿ." ಆ ಯುಗಾದಿಯ ದಿನ ಯಲ್ಲಾಪುರ ದಾಟಿ ಹಲಸಿನ ಮರದ ಕೆಳಗಿದ್ದ ಹೋಟೆಲಿನಲ್ಲಿ ಉಂಡಿದ್ದೆ. ಆ ಹೋಟೆಲಿನ ಮುದುಕಿ ನನ್ನ ಜೋಳದ ರೊಟ್ಟಿ ಇಸಿದುಕೊಂಡು ಎಲೆಗೆ ಕುಚಲಕ್ಕಿ ಅನ್ನ ಬಡಿಸಿದ್ದಳು, ಹಬ್ಬದ ದಿನ ಬುತ್ತಿ ಬಿಚ್ಚಬೇಡ ಎಂದು. ಅದನ್ನು ಬರೆದೆ. ಘಟ್ಟದ ತಿರುವಿನ ಒರತೆ, ಅಲ್ಲಿ ಮೈ ತೊಳೆಯುತ್ತಿದ್ದೆವು. ಕುಮಟಾದ ಅಕ್ಕಿ ಗೋಡೌನಿನ ಕಟ್ಟೆ, ಅಲ್ಲಿ ಮಲಗಿದರೆ ಅಲೆಯ ಸದ್ದು ಕೇಳಿಸುತ್ತಿತ್ತು. ಬರೆಯುತ್ತಾ ಹೋದಂತೆ ನನಗೇ ಆ ದಾರಿಯ ಮೇಲೆ ಆಸೆ ಹುಟ್ಟಿತು. ಸ್ಟೇರಿಂಗ್ ಹಿಡಿದಿದ್ದಾಗ ಮನೆ ಮನೆ ಎನ್ನುತ್ತಿದ್ದ ಜೀವ, ಈಗ ಮನೆಯಲ್ಲಿ ಕೂತು ಒಂದು ಹಲಸಿನ ಮರಕ್ಕೆ ಹಂಬಲಿಸುತ್ತಿತ್ತು.

ಆ ದಾರಿಯಲ್ಲಿ ಈಗಲೂ ಲಾರಿ ಓಡಿಸುವ ಹಳೆಯ ಗೆಳೆಯನಿಗೆ ಫೋನ್ ಮಾಡಿದೆ.

"ಯಾವ ಹೋಟೆಲ್ಲೋ ಮಾರಾಯಾ! ರೋಡ್ ಅಗಲ ಆತು, ಮರಾನೂ ಹೋತು, ಮುದುಕೀನೂ ಹೋದ್ಳು. ಒರತಿ ಮ್ಯಾಲ ಕಾಂಕ್ರೀಟ್ ಗ್ವಾಡಿ ಕಟ್ಯಾರ. ಗೋಡೌನ್ ಒಂದ್ ಐತಿ ನೋಡು, ಅದಕ್ಕೂ ಬಾಗ್ಲಾ ಹಾಕ್ಯಾರ."

ಅವಳಿಗೆ ಹೇಗೆ ಹೇಳುವುದು? ಅಷ್ಟು ವರ್ಷ ತಡೆದು ಕೇಳಿದ ಪ್ರಶ್ನೆಗೆ ತೋರಿಸಲು ನನ್ನ ಬಳಿ ಡಾಂಬರು ಬಿಟ್ಟರೆ ಬೇರೇನೂ ಇರಲಿಲ್ಲ. ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಮತ್ತೆ ಗೋಕರ್ಣವನ್ನೇ ಬರೆಯೋಣ ಎಂದೆ. ಅವಳು ನನ್ನ ತಟ್ಟೆಗೆ ಪಲ್ಯ ಬಡಿಸಿದಳು.

"ಮರ ಹೋಗಿದ್ರ ಹೋಗ್ಲಿ. ಇಲ್ಲೇ ಇತ್ತು ಅಂತ ಗಾಡಿ ನಿಲ್ಸ್ರಿ. ನಾ ಅಲ್ಲೇ ಒಲಿ ಹಚ್ಚತೀನಿ. ಆ ಮುದುಕಿ ನಿಮಗ ಅನ್ನ ಹಾಕ್ಯಾಳ, ಅಲ್ಲೊಂದೆರಡು ರೊಟ್ಟಿ ಬಡಿಬೇಕು ನಾನು."

ಹೊರಡುವ ವಾರವೂ ಗೊತ್ತಾಗಿತ್ತು. ಅಷ್ಟರಲ್ಲಿ ಘಟ್ಟದಲ್ಲಿ ಮಣ್ಣು ಕುಸಿದು ದಾರಿ ಬಂದ್ ಆಯಿತು. ಬೇರೆ ಸುತ್ತುದಾರಿ ಇದೆ, ಆದರೆ ಅದು ನನ್ನ ದಾರಿಯಲ್ಲ. ಅವಳಿಗೂ ಅದು ಬೇಡ. ಮಳೆ ನಿಲ್ಲಲಿ ಎಂದು ಕಾಯುತ್ತಿದ್ದೇವೆ. ಗಾಡಿ ಮನೆ ಮುಂದೆಯೇ ನಿಂತಿದೆ. ಮಧ್ಯಾಹ್ನ ಅವಳು ಅದರೊಳಗೆ ಹೋಗಿ ಬಲಗಡೆಯ ಕಿಟಕಿ ತೆರೆದು ಬೇಳೆ ಆರಿಸುತ್ತಾ ಕೂರುತ್ತಾಳೆ. ಸದ್ಯಕ್ಕೆ ಆ ಕಿಟಕಿಗೆ ಕಾಣುವುದು ಕಿರಾಣಿ ಅಂಗಡಿ. ಪ್ಲೈವುಡ್ ಇನ್ನೂ ಹೊಡೆದಿಲ್ಲ. ಸೀಮೆಸುಣ್ಣದ ಬರಹ ಮುಚ್ಚಿಹೋಗುತ್ತದೆ ಎಂದು ಅವಳು ಬಿಡುತ್ತಿಲ್ಲ.

ಮೊನ್ನೆ ಭಾನುವಾರ ಬೆಳಿಗ್ಗೆ, ಎಂಜಿನ್ ಹೇಗಿದೆ ನೋಡೋಣ ಎಂದು ಕಮಲಾಪುರದ ಕೆರೆಯ ತನಕ ಹೋಗಿ ಬರಲು ಹೊರಟೆವು. ಅಲ್ಲೇ ಅಡುಗೆ, ಅಲ್ಲೇ ಊಟ. ತೋರಣಗಲ್ಲಿನ ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ ಬಂದ ಮಗ ಮಲಗಿದ್ದ. ಸೊಸೆ ಬಾಗಿಲಿಗೆ ಬಂದಳು. ಅಲ್ಲೇ ಅಡುಗೆ ಎಂದರೂ ಕೇಳದೆ ಬುತ್ತಿ ಕಟ್ಟಿ ತಂದಿದ್ದಳು. ಅದು ಯಾವಾಗಲೂ ನನ್ನ ಕೈಗೆ ಬರುತ್ತಿದ್ದುದು, ಅವತ್ತು ಅತ್ತೆಯ ಕೈಗೆ ಹೋಯಿತು. ನಾನು ಗಾಡಿ ಚಾಲೂ ಮಾಡಿದೆ. ಅಷ್ಟರಲ್ಲಿ ಅಂಗಡಿಯವನು ಹೊರಗೆ ಬಂದು ಕೂಗಿಯೇಬಿಟ್ಟ:

"ಯಕ್ಕಾ, ಎಲ್ಲಿಗೆ?"

ಸೊಸೆ ನಾಲಿಗೆ ಕಚ್ಚಿಕೊಂಡಳು. ಬೇರೆ ದಿನವಾಗಿದ್ದರೆ ನನ್ನ ಹೆಂಡತಿ ಅವನ ಏಳು ತಲೆಮಾರನ್ನು ಜಾಲಾಡಿಬಿಡುತ್ತಿದ್ದಳು. ಅವತ್ತು ಕಿಟಕಿಯಿಂದ ಮುಖ ಹೊರಗೆ ಹಾಕಿದಳು.

"ಯಲ್ಲಾಪುರ ದಾಟಿದ ಮ್ಯಾಲ ಒಂದು ಹಲಸಿನ ಗಿಡದ ಹೋಟೆಲ್ ಐತಪ್ಪ, ಮೊದ್ಲು ಅಲ್ಲಿಗೆ. ಆಮ್ಯಾಲ ಘಟ್ಟದಾಗ ಒಂದು ಒರತಿ ಐತಿ. ಕುಮಟಾದಾಗ ಒಂದು ಕಟ್ಟಿ ಐತಿ, ಸಮುದ್ರ ಕೇಳತೈತಿ..."

ನಾನು ಗೇರ್ ಹಾಕಲಿಲ್ಲ. ಅವಳು ಹೇಳಿ ಮುಗಿಸಲಿ ಎಂದು ಬ್ರೇಕಿನ ಮೇಲೆ ಕಾಲಿಟ್ಟು ಕೂತೆ.