ಎರಡೂ ಕಣ್ಣು ಮುಚ್ಚಿ ನೋಡಿದ ಶನಿ

ಊರವರೆಲ್ಲ ಅಣ್ಣ ಎಂದೇ ಕರೆಯುತ್ತಿದ್ದ ಕುಶನ್ ಅಂಗಡಿಯವನು ತನ್ನ ಆಯುಷ್ಯದ ಅರ್ಧವನ್ನು ಬೇರೆಯವರ ಸೋಫಾಗಳ ಅಡಿಯಲ್ಲಿ ಅಂಗಾತ ಮಲಗಿಯೇ ಕಳೆದಿದ್ದ. ಬಾಯಲ್ಲಿ ಸಣ್ಣ ಮೊಳೆಗಳನ್ನು ಕಚ್ಚಿಕೊಂಡೇ ಗಿರಾಕಿಗಳ ಜೊತೆ ಮಾತಾಡುವುದು ಅವನ ರೂಢಿ. ಹಾಗಾಗಿ ಅವನು ಏನು ಹೇಳಿದರೂ "ಹ್ಞೂಂ" ಅಂದಂತೆಯೇ ಕೇಳಿಸುತ್ತಿತ್ತು. ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಸ್ಪಂಜು ಹೊರಬಂದ ಕುರ್ಚಿಯೊಂದನ್ನು ರಿಪೇರಿಗೆ ತಂದು, "ಇದರ ಮೇಲೆ ಕೂತೇ ನಾನು ಗ್ರಹಗಳನ್ನ ನೋಡೋದು. ನಮ್ಮದೊಂದು ಆಕಾಶ ವೀಕ್ಷಕರ ಸಂಘ ಇದೆ. ಶನಿವಾರ ಸಂಜೆ ಲೈಬ್ರರಿ ತಾರಸಿಗೆ ಬರ್ತೀರಾ?" ಎಂದರು. ಅವನು ಮೊಳೆ ಕಚ್ಚಿಕೊಂಡೇ ಬೇಡವೆಂದ. ಮೇಷ್ಟ್ರು "ಬಹಳ ಸಂತೋಷ" ಎಂದು ಕೈ ಕುಲುಕಿ ಹೋದರು.

"ಶನಿ ತಾನಾಗೇ ಹೆಗಲೇರೋದು ಸಾಲದು ಅಂತ ನೀನೇ ಹುಡುಕ್ಕೊಂಡು ಹೊರಟ್ಯಾ?" ಎಂದು ಮನೆಯಲ್ಲಿ ಅವನ ಅಕ್ಕ ನಕ್ಕಳು. ಆದರೂ ಹೋದ.

ತಾರಸಿಯಲ್ಲಿ ಏಳೆಂಟು ಜನ ಸಾಲಾಗಿ ನಿಂತಿದ್ದರು. ಅವನ ಸರದಿ ಬಂದಾಗ ಮೇಷ್ಟ್ರು, "ಎಡಗಣ್ಣು ಮುಚ್ಚಿ, ಬಲಗಣ್ಣಲ್ಲಿ ನೋಡಿ" ಎಂದರು. ಅಲ್ಲೇ ಬಂತು ಪೇಚು. ಅವನಿಗೆ ಒಂದೇ ಕಣ್ಣು ಮುಚ್ಚಲು ಹುಟ್ಟಿನಿಂದಲೂ ಬರುತ್ತಿರಲಿಲ್ಲ. ಒಂದು ಮುಚ್ಚಿದರೆ ಇನ್ನೊಂದೂ ಒಗ್ಗಟ್ಟಿನಿಂದ ಮುಚ್ಚಿಕೊಳ್ಳುತ್ತಿತ್ತು. ಎರಡನ್ನೂ ತೆರೆದರೆ ಕಾಣಿಸುತ್ತಿದ್ದುದು ಎದುರುಮನೆಯ ನೀರಿನ ಟ್ಯಾಂಕು.

"ಕಾಣ್ತಾ?"

ಹಿಂದೆ ನಿಂತವರು ಕೆಮ್ಮಿದರು. "ಆಹಾ!" ಎಂದುಬಿಟ್ಟ.

"ಉಂಗುರ?"

"ಉಂಗುರಾನೂ ಇದೆ."

ಮುಂದಿನ ವಾರ "ಓಹೋ" ಎಂದ. ಅದರ ಮುಂದಿನ ವಾರ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಎಷ್ಟು ಹೊತ್ತು ನಿಂತನೆಂದರೆ, "ನೋಡಿ ಕಲೀರಿ, ಏನು ತನ್ಮಯತೆ!" ಎಂದು ಮೇಷ್ಟ್ರು ಉಳಿದವರಿಗೆ ಬುದ್ಧಿ ಹೇಳಿದರು. ಅವನಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗೂ ಇಲ್ಲ. ಕೊನೆಗೆ ಶಾಲೆಯ ಮೈದಾನದಲ್ಲಿ ಊರವರಿಗೆಲ್ಲ ಶನಿ ತೋರಿಸುವ ಕಾರ್ಯಕ್ರಮ ಇಟ್ಟಾಗ, ಪಕ್ಕದಲ್ಲಿ ನಿಂತು ವಿವರಿಸುವ ಕೆಲಸವನ್ನು ಅವನಿಗೇ ವಹಿಸಿದರು.

ಅಂದು ಹೊತ್ತು ಮುಳುಗುತ್ತಿದ್ದಂತೆ ಜನ ಜಮಾಯಿಸಿದರು. ಮೇಷ್ಟ್ರು ದೂರದರ್ಶಕವನ್ನು ಶನಿಯ ಕಡೆ ತಿರುಗಿಸಿ, ಧೂಳು ಬೀಳದಿರಲೆಂದು ಮುಚ್ಚಳ ಹಾಕಿ, ಮೈಕಿನ ಮುಂದೆ ಭಾಷಣಕ್ಕೆ ನಿಂತರು. ಭಾಷಣ ಮುಗಿದದ್ದೇ ಸಾಲು ಚಲಿಸಿತು. ಒಬ್ಬೊಬ್ಬರೇ ಬಗ್ಗಿ ನೋಡಿ, "ಅಬ್ಬಾ!" "ಎಷ್ಟು ಚೆನ್ನಾಗಿದೆ!" ಎನ್ನುತ್ತ ಮುಂದೆ ಹೋದರು. ಬ್ಯಾಂಕಿನ ಮ್ಯಾನೇಜರರಂತೂ ಉಂಗುರದ ಬಣ್ಣವನ್ನೂ ಹೊಗಳಿದರು. ಆಮೇಲೆ ಅಕ್ಕ ಬಗ್ಗಿದಳು.

"ಏನೋ ಇದು? ಬರೀ ಕತ್ತಲೆ!"

"ಶ್! ಮೆತ್ತಗೆ ಮಾತಾಡಕ್ಕಾ. ಸರಿಯಾಗಿ ನೋಡು, ಕಾಣತ್ತೆ."

"ಕಾಣೋದೇನು ಮಣ್ಣು? ಮುಚ್ಚಳ ತೆಗೆದಿದ್ದೀರಾ?"

ಮುಚ್ಚಳ ಹಾಕಿದಲ್ಲೇ ಇತ್ತು. ಮೇಷ್ಟ್ರ ಮುಖ ಬಿಳುಚಿತು. ನೋಡಿ ಮುಗಿಸಿದವರೆಲ್ಲ ಚಪ್ಪಲಿ ನೋಡಿಕೊಳ್ಳತೊಡಗಿದರು. ಮ್ಯಾನೇಜರರಿಗೆ ಇದ್ದಕ್ಕಿದ್ದಂತೆ ಯಾರದೋ ಫೋನು ಬಂತು.

ಮೇಷ್ಟ್ರೊಬ್ಬರೇ ತಲೆ ತಗ್ಗಿಸಿ ನಿಂತದ್ದನ್ನು ನೋಡಲಾರದೆ ಅಣ್ಣ ಬಾಯಿಬಿಟ್ಟ: "ಮುಚ್ಚಳ ತೆಗೆದಾಗಲೂ ನನಗೆ ಏನೂ ಕಂಡಿಲ್ಲ ಮೇಷ್ಟ್ರೇ. ಒಂದಿನಾನೂ."

"ಅವನಿಗೆ ಒಂದು ಕಣ್ಣು ಮುಚ್ಚೋಕೇ ಬರಲ್ಲ" ಎಂದು ಅಕ್ಕ ಮೈದಾನಕ್ಕೆಲ್ಲ ಕೇಳುವಂತೆ ಹೇಳಿದಳು. "ಚಿಕ್ಕಂದಿನಲ್ಲಿ ಕಣ್ಣು ಹೊಡಿಯೋಕೆ ಹೋಗಿ ಚರಂಡಿಗೆ ಬಿದ್ದಿದ್ದ. ಬಾ ಇಲ್ಲಿ!" ಮುಚ್ಚಳ ಕಿತ್ತು, ತಮ್ಮನ ಕುತ್ತಿಗೆ ಬಗ್ಗಿಸಿ, ಎಡಗಣ್ಣಿಗೆ ತನ್ನ ಅಂಗೈ ಒತ್ತಿ ಹಿಡಿದಳು.

ಅವನು ನೋಡಿದ. ಕಪ್ಪು ರೆಕ್ಸಿನ್ನಿನ ನಡುವೆ ಹೊಲಿದ ಪುಟ್ಟ ಗುಂಡಿಯಂತೆ, ಸುತ್ತಲೂ ತೆಳ್ಳನೆ ಅಂಚು. ಅದು ಅಲುಗಾಡುತ್ತಿತ್ತು, ಜೀವ ಇರುವ ಹಾಗೆ. ಕೂಡಿಟ್ಟ ಆಹಾ-ಓಹೋಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ.

"ಅಯ್ಯೋ, ಇದು ನಿಜವಾಗ್ಲೂ ಇದೆಯಲ್ಲ ಮೇಷ್ಟ್ರೇ!"

ಮೇಷ್ಟ್ರು ಮೊದಲು ನಕ್ಕರು, ಆಮೇಲೆ ಇಡೀ ಸಾಲು ನಕ್ಕಿತು. ನೋಡಿ ಹೋದವರೆಲ್ಲ ಬಂದು ಮತ್ತೆ ಸಾಲಿನಲ್ಲಿ ನಿಂತರು.

ಮರುವಾರ ಅವನು ರೆಕ್ಸಿನ್ ತುಂಡಿಗೆ ಎಲಾಸ್ಟಿಕ್ ಹೊಲಿದು ಕಣ್ಣುಪಟ್ಟಿ ಮಾಡಿಕೊಂಡು ಹೋದ. ಮೇಷ್ಟ್ರು ಅವನನ್ನು ಮೂಲೆಗೆ ಕರೆದು, "ನನಗೂ ಒಂದು ಮಾಡಿಕೊಡಿ, ಯಾರಿಗೂ ಹೇಳ್ಬೇಡಿ" ಎಂದರು. ಇನ್ನೂ ಮೂವರು ಹಾಗೆಯೇ ಗುಟ್ಟಾಗಿ ಕೇಳಿದರು. ಅಕ್ಕನೂ ಸಂಘ ಸೇರಿದಳು. ಈಗ ಅವಳು ಒಮ್ಮೆ ಬಗ್ಗಿದರೆ ಏಳುವುದೇ ಇಲ್ಲ.

"ಅಕ್ಕಾ, ನಾವೂ ನೋಡ್ಬೇಕು."

"ಇರೋ, ಅವಸರ ಯಾಕೆ? ಅದೇನು ಓಡಿ ಹೋಗತ್ತಾ?"

ಪಟ್ಟಿ ಕಟ್ಟಿಕೊಂಡ ಐದು ಜನ ಅವಳ ಹಿಂದೆ ಸಾಲಾಗಿ ಕಾಯುತ್ತಾರೆ.