ನಿರ್ಮಾಲ್ಯದ ಗುಡ್ಡೆ ಮತ್ತು ನನ್ನ ಓಕ್ ಮರ

ನನ್ನ ಮನೆಯ ಮುಂದಿನ ಓಕ್ ಮರವನ್ನು ಉತ್ತರ ಡಲ್ಲಾಸಿನ ಕೆಲವು ಕನ್ನಡಿಗರು ಭಕ್ತಿಯಿಂದ ಕೊಂದರು. ಕೊಂದ ಅಪವಾದವನ್ನು ನನ್ನ ತಲೆಗೆ ಕಟ್ಟಿದರು. ಇದು ಎರಡು ಸಾವಿರದ ದಶಕದ ಮಾತು. ಅವರು ಮರೆತಿರಬಹುದು. ಆ ಅನುಕೂಲ ನನಗಿಲ್ಲ.

ಆಗ ನಾವು ಡಲ್ಲಾಸಿನ ಹತ್ತಿರದ ಮೆಕಿನ್ನಿಯಲ್ಲಿದ್ದೆವು. ಅಲ್ಲಿನ ಕಪ್ಪು ಜೇಡಿಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಆದ್ದರಿಂದ ಮರದ ಸುತ್ತ ಮಲ್ಚ್, ಅಂದರೆ ತೊಗಟೆಯ ಚೂರುಗಳ ಹೊದಿಕೆ, ಹಾಸಲೇಬೇಕು. ಅದಕ್ಕೊಂದು ಶಿಸ್ತಿದೆ: ನಾಲ್ಕು ಬೆರಳಿನಷ್ಟು ದಪ್ಪ, ಕಾಂಡದಿಂದ ಒಂದು ಗೇಣು ದೂರ. ಕಾಂಡಕ್ಕೆ ತಾಗಿಸಿದರೆ ಒದ್ದೆ ನಿಂತು ತೊಗಟೆ ಕೊಳೆಯುತ್ತದೆ. ನಾನು ಈ ಶಿಸ್ತನ್ನು ತಪ್ಪದೆ ಪಾಲಿಸುತ್ತಿದ್ದೆ. ನಮ್ಮ ದೇವರಿಗೆ ಏರಿಸಿ ಬಾಡಿದ ಒಂದಿಷ್ಟು ಹೂವನ್ನೂ ಅದರಲ್ಲೇ ಸೇರಿಸುತ್ತಿದ್ದೆ.

ಒಂದು ಸತ್ಯನಾರಾಯಣ ಪೂಜೆಯ ಊಟದಲ್ಲಿ ನೆರೆಯೂರು ಪ್ಲೇನೋದ ಗೃಹಿಣಿಯೊಬ್ಬರು ಸಂಕಟ ತೋಡಿಕೊಂಡರು. ನಿರ್ಮಾಲ್ಯವನ್ನು ಕಸಕ್ಕೆ ಹಾಕುವಂತಿಲ್ಲ, ಬಿಡಲು ಹೊಳೆಯಿಲ್ಲ, ಗ್ಯಾರೇಜಿನಲ್ಲಿ ಚೀಲಗಳು ಸೇರಿವೆ. ನನ್ನ ಪತ್ನಿ ನಮ್ಮ ಮನೆಯ ಪದ್ಧತಿಯನ್ನು ತಿಳಿಸಿದಳು, ನೀವೂ ನಿಮ್ಮಲ್ಲಿ ಹಾಗೆ ಮಾಡಬಹುದೆಂದು. ಮುಂದಿನ ಶನಿವಾರ ಆಕೆ ಚೀಲದೊಡನೆ ನಮ್ಮಲ್ಲಿಗೇ ಬಂದರು. ಅದರ ಮುಂದಿನ ಶನಿವಾರ ಗೆಳತಿಯರನ್ನೂ ಕರೆತಂದರು.

“ಕಾಂಡಕ್ಕ ತಾಗಿಸಬ್ಯಾಡ್ರಿ, ಸುತ್ತ ಹರಡ್ರಿ” ಎಂದೆ.

“ಅಯ್ಯೋ ಅಂಕಲ್, ಹರಡಿದ್ರೆ ಯಾರಾದ್ರೂ ತುಳೀತಾರೆ. ದೇವರ ಹೂವು! ಬುಡಕ್ಕೇ ಒತ್ತಿ ಇಡ್ಬೇಕು” ಎಂದರು ಪ್ಲೇನೋದ ಆಕೆ.

“ತುಳಿಯಾವರು ಯಾರವಾ ಇಲ್ಲೆ? ಇದು ನನ್ನ ಅಂಗಳ.”

“ಲಾನ್ ಕಟ್ ಮಾಡೋಕೆ ಬರ್ತಾರಲ್ಲ. ನೀವು ವರಿ ಮಾಡ್ಬೇಡಿ ಅಂಕಲ್, ಎಲ್ಲಾ ಆರ್ಗ್ಯಾನಿಕ್.”

ಆ ಆರ್ಗ್ಯಾನಿಕ್ ಗುಡ್ಡೆಯಲ್ಲಿ ನನಗೆ ನೈಲಾನ್ ದಾರದ ಹಾರಗಳು, ಊದುಬತ್ತಿಯ ಡಬ್ಬಿಗಳು ದೊರೆತವು; ಒಮ್ಮೆ ಕೈ ಮುರಿದ ಪ್ಲಾಸ್ಟಿಕ್ ಲಕ್ಷ್ಮಿಯೂ ದೊರೆತಳು. ಅವರು ಒತ್ತಿಟ್ಟು ಹೋದದ್ದನ್ನು ನಾನು ರೇಕ್ ಹಿಡಿದು ಹಿಂದಕ್ಕೆಳೆಯುವುದು ವಾರವಾರದ ಕೈಂಕರ್ಯವಾಯಿತು.

ಆ ವರ್ಷ ಕೆಲಸದ ನಿಮಿತ್ತ ನಾನು ಬಹುಕಾಲ ಹ್ಯೂಸ್ಟನ್ನಿನಲ್ಲಿ ನಿಲ್ಲಬೇಕಾಯಿತು. ಚೀಲಗಳು ಇನ್ನೂ ಬರುತ್ತಿವೆಯೇ ಎಂದು ಫೋನಿನಲ್ಲಿ ಪತ್ನಿಯನ್ನು ಕೇಳಿದೆ.

“ದೇವರ ಹೂವು ತಂದವರಿಗೆ ಬ್ಯಾಡ ಅಂತ ಹೆಂಗ ಹೇಳ್ಲಿರಿ? ಚಹಾ ಕೊಟ್ಟು ಕಳಸ್ತೀನಿ.”

“ಚಹಾ ಕೊಟ್ಟರ ಮತ್ತ ಬರ್ತಾರ.”

“ಬರ್ಲಿ ಬಿಡ್ರಿ.”

ಬಂದರು. ನವರಾತ್ರಿ ಕಳೆದು ನಾನು ಹಿಂದಿರುಗುವಾಗ ಗುಡ್ಡೆ ಕಾಂಡವನ್ನು ತಬ್ಬಿಕೊಂಡು ಮೊಣಕಾಲಿನೆತ್ತರ ಬೆಳೆದಿತ್ತು. ಒಳಗೆ ಟೆಕ್ಸಾಸಿನ ಕೆಂಪಿರುವೆಗಳು ಸಂಸಾರ ಹೂಡಿದ್ದವು. ಬಗೆದು ನೋಡಿದರೆ ತೊಗಟೆ ನೆನೆದ ರಟ್ಟಿನಂತೆ ಕೈಗೇ ಬಂತು. ಇರುವೆಗಳಿಗೆ ಅಂಜಿ ಶೂ ಹಾಕಿಕೊಂಡು ಎಲ್ಲವನ್ನೂ ಎಳೆಯತೊಡಗಿದೆ. ಅದೇ ವೇಳೆಗೆ ಪ್ಲೇನೋದ ಆಕೆಯ ಕಾರು ಬಂದು ನಿಂತಿತು.

“ಅಂಕಲ್! ಶೂ ಹಾಕ್ಕೊಂಡು?”

“ಬರಿಗಾಲಲೆ ಎಳೆಯೂದಿದ್ರ ನೀವ ಬರ್ರಿ. ಇರುವಿ ಪಾದಪೂಜಾ ಮಾಡ್ತಾವ.”

ಆಕೆ ನಗಲಿಲ್ಲ. ಚೀಲವನ್ನು ಮಾತ್ರ ಇಳಿಸಿ ಹೋದರು.

ವಸಂತದಲ್ಲಿ ಬೀದಿಯ ಓಕ್‌ಗಳೆಲ್ಲ ಚಿಗುರಿದವು, ನನ್ನದು ಚಿಗುರಲಿಲ್ಲ. ಯುಗಾದಿಯ ಊಟದಲ್ಲಿ, ಎಲ್ಲರ ಎದುರು, ಒಬ್ಬಟ್ಟು ಮುರಿಯುತ್ತ ಆಕೆ ತೀರ್ಪು ಕೊಟ್ಟರು: “ನಿರ್ಮಾಲ್ಯಕ್ಕೆ ಶೂ ತಾಗಿಸಿದ್ರಲ್ಲ, ಮರ ಒಣಗದೆ ಇನ್ನೇನಾಗುತ್ತೆ?” ಪಂಕ್ತಿಯೇ ತಲೆಯಾಡಿಸಿತು. ಸಸ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಮಹನೀಯರೊಬ್ಬರೂ ಆಡಿಸಿದರು; ಅವರನ್ನು ವಿಶೇಷವಾಗಿ ನೆನಪಿಟ್ಟುಕೊಂಡಿದ್ದೇನೆ. ನನ್ನ ಪತ್ನಿ ಆಕೆಯ ಒಬ್ಬಟ್ಟಿಗೆ ಇನ್ನಷ್ಟು ತುಪ್ಪ ಬಡಿಸಿದಳು. ಅದನ್ನೂ ನೆನಪಿಟ್ಟುಕೊಂಡಿದ್ದೇನೆ.

ಮರವನ್ನು ಕಡಿಸಿದೆ. ವಾರ ಕಳೆಯುವುದರೊಳಗೆ ಆಕೆಯ ಫೋನ್ ಬಂತು: “ಅಂಕಲ್, ನಿಮ್ಮ ಹಿತ್ತಲಲ್ಲೂ ಒಂದು ಮರ ಇದೆಯಂತಲ್ಲ? ಸೈಡ್ ಗೇಟ್ ಓಪನ್ ಇರುತ್ತಾ?”

ಗೇಟಿಗೆ ಬೀಗ ಜಡಿದೆ. ಅನಂತರ ಪ್ಲೇನೋಗೆ ಹೋಗಿ, ಚೀಲ ಹೊತ್ತು ತಂದವರೆಲ್ಲರ ಬೀದಿಗಳಲ್ಲಿ ನಿಧಾನವಾಗಿ ಡ್ರೈವ್ ಮಾಡಿದೆ. ತಾಯಂದಿರೇ, ಬಿಲ್ಡರ್ ನೆಟ್ಟುಕೊಟ್ಟ ಓಕ್ ನಿಮ್ಮ ಒಂದೊಂದು ಮನೆಯ ಮುಂದೆಯೂ ಹಚ್ಚಗೆ ನಿಂತಿತ್ತು. ಬುಡಗಳು ಗುಡಿಸಿಟ್ಟಂತೆ ಚೊಕ್ಕವಾಗಿದ್ದವು. ಹುಡುಕಿದರೂ ಒಂದು ಎಸಳು ಕಾಣಲಿಲ್ಲ. ಹಾಗಾದರೆ ನನ್ನ ಮರಕ್ಕೆ ಏನಾಗುತ್ತದೆಂಬುದು ನಿಮಗೆ ಮೊದಲೇ ತಿಳಿದಿತ್ತೇ?