ಸುನಂದಕ್ಕ ಬಂದು ನಿಂತಿದ್ದ ಮಧ್ಯಾಹ್ನ

ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಇದು ನನಗೇ ಆದದ್ದು.

ನನಗಾಗ ಹನ್ನೊಂದು ವರ್ಷ. ಬೇಸಿಗೆ ರಜೆ ಬಂತೆಂದರೆ ವಿರೂಪಾಕ್ಷಿಪುರದ ಹತ್ತಿರವಿದ್ದ ದೊಡ್ಡಮ್ಮನ ಮನೆಗೆ ಹೋಗುತ್ತಿದ್ದೆ. ಹಳೆಯ ತೊಟ್ಟಿ ಮನೆ. ಅರ್ಧ ನಮಗೆ, ಇನ್ನರ್ಧ ರೇಷ್ಮೆ ಹುಳುಗಳಿಗೆ. ಹೆದ್ದಾರಿ ಪಕ್ಕದ ಹೊಲಗಳಲ್ಲಿ ಒಂದೊಂದಾಗಿ ಫ್ಯಾಕ್ಟರಿ ಶೆಡ್ಡುಗಳು ಏಳುತ್ತಿದ್ದ ಕಾಲ ಅದು. ದೊಡ್ಡಮ್ಮನ ಮಗಳು ಸುನಂದಕ್ಕ ಆ ವರ್ಷ ರಾಮನಗರದ ಕಡೆಯ ಒಂದು ಗಾರ್ಮೆಂಟ್ಸ್‌ಗೆ ಸೇರಿದ್ದಳು. ಬೆಳಿಗ್ಗೆ ವ್ಯಾನು ಹತ್ತಿದರೆ ಬರುತ್ತಿದ್ದುದು ಕತ್ತಲಾದ ಮೇಲೆ. ಆ ಕೆಲಸವೆಂದರೆ ಅವಳಿಗೆ ಪ್ರಾಣ. ಕಾಲರ್ ಹೊಲಿಯುವುದು ಹೇಗೆಂದು ಗಾಳಿಯಲ್ಲೇ ಕೈಯಾಡಿಸಿ ನನಗೆ ತೋರಿಸುತ್ತಿದ್ದಳು.

ಒಂದು ಮಧ್ಯಾಹ್ನ ಮನೆಯವರೆಲ್ಲ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋಗಿದ್ದರು. ನಾನೊಬ್ಬಳೇ ಹುಳುಗಳಿಗೆ ಸೊಪ್ಪು ಹರಡುತ್ತಿದ್ದೆ. ತಲೆ ಎತ್ತಿದರೆ ತೊಟ್ಟಿಯಾಚೆಯ ಕಂಬದ ಪಕ್ಕ ಸುನಂದಕ್ಕ ನಿಂತಿದ್ದಳು. ಬೆಳಿಗ್ಗೆ ತೊಟ್ಟುಹೋಗಿದ್ದ ಹಳದಿ ಚೂಡಿದಾರವೇ. ನನ್ನನ್ನೇ ನೋಡುತ್ತ ಏನೋ ಹೇಳಿದಳು. ತುಟಿ ಆಡಿತು, ದನಿ ಕೇಳಲಿಲ್ಲ. ಹುಳು ಮೇಯುವ ಸದ್ದಿಗಿರಬೇಕು ಎಂದುಕೊಂಡು ಎದ್ದು ಹೋದೆ. ಅಲ್ಲಿ ಯಾರೂ ಇರಲಿಲ್ಲ. ಬಾಗಿಲಿಗೆ ನಾನೇ ಒಳಗಿನಿಂದ ಹಾಕಿದ್ದ ಚಿಲಕ ಹಾಗೇ ಇತ್ತು.

ಹೊಲದಿಂದ ಬಂದವರಿಗೆ ಹೇಳಿದೆ. "ಸೆಕೆಗೆ ತೂಕಡಿಸ್ಬುಟ್ಟವ್ಳೆ, ಬುಡು," ಎಂದು ದೊಡ್ಡಪ್ಪ ನಕ್ಕರು. ದೊಡ್ಡಮ್ಮ ನಗಲಿಲ್ಲ.

ಸಂಜೆ ವ್ಯಾನು ಹೊತ್ತಿಗೆ ಮುಂಚೆಯೇ ಬಂತು. ಸುನಂದಕ್ಕನ ಹಣೆಗೆ ಬ್ಯಾಂಡೇಜು. ಊಟವಾದ ಮೇಲೆ ಮಿಷಿನ್ನಿನಿಂದ ಎದ್ದವಳು ತಲೆ ಸುತ್ತಿ ಬಿದ್ದಿದ್ದಳಂತೆ. ಇಳಿದವಳು ಅಮ್ಮನನ್ನೂ ಮಾತಾಡಿಸದೆ ನೇರ ನನ್ನ ಹತ್ತಿರ ಬಂದಳು.

"ನನ್ ಮಿಷಿನ್ ತಾವ ಬಂದು ನಿಂತಿದ್ಯಲ್ಲೇ, ಕೈಲಿ ಸೊಪ್ಪು ಹಿಡ್ಕಂಡು. ಕೂಗುದ್ರೂ ಯಾಕೆ ಮಾತಾಡ್ಲಿಲ್ಲ? ನಿನ್ ತಾವ ಬರಾನ ಅಂತ ಎದ್ದೆ, ಬಿದ್ದೋದೆ."

ಅದನ್ನು ಕೇಳಿದ ದೊಡ್ಡಮ್ಮ ಅವಳ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದರು. "ನಾಳಿಂದ ಆ ಫ್ಯಾಕ್ಟ್ರಿ ದಿಕ್ಕಿಗೂ ತಲೆ ಹಾಕ್ಕೂಡ್ದು ನೀನು," ಎಂದರು. ಸುನಂದಕ್ಕ ಎರಡು ದಿನ ಅತ್ತಳು, ಬೇಡಿಕೊಂಡಳು. ದೊಡ್ಡಮ್ಮ ಜಗ್ಗಲಿಲ್ಲ. ಮರುವರ್ಷವೇ ಅವಳನ್ನು ಉಯ್ಯಂಬಳ್ಳಿ ಕಡೆಗೆ ಮದುವೆ ಮಾಡಿ ಕೊಟ್ಟರು. ನಾನು ಕಂಡದ್ದನ್ನು ಬಾಯಿಬಿಡದೆ ಇದ್ದಿದ್ದರೆ, ಸುಸ್ತಿಗೆ ತಲೆ ಸುತ್ತಿದೆ ಎಂದು ಎಲ್ಲರೂ ಅಷ್ಟಕ್ಕೇ ಬಿಡುತ್ತಿದ್ದರೇನೋ.

ಅವಳಿಗೆ ಸುಸ್ತು, ನನಗೆ ತೂಕಡಿಕೆ ಎಂದು ಬೇರೆಬೇರೆಯಾಗಿ ವಿವರಿಸಿಕೊಳ್ಳಬಲ್ಲೆ. ಎರಡನ್ನೂ ಸೇರಿಸಿ ವಿವರಿಸಲು ಇವತ್ತಿಗೂ ಆಗಿಲ್ಲ.

ಹೋದ ವರ್ಷ ಅವಳ ಮನೆಗೆ ಹೋಗಿದ್ದೆ. ಮುದ್ದೆ ಬಡಿಸುತ್ತಿದ್ದವಳು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ, ಕೋಪವೇನೂ ಇಲ್ಲದೆ ಕೇಳಿದಳು:

"ಅವತ್ತು ನೀನು ಅಲ್ಲಿಗ್ಯಾಕೆ ಬಂದಿದ್ದೆ?"

ನಾನು ಬಂದಿರಲಿಲ್ಲ ಎನ್ನಬೇಕಿತ್ತು. ಅಷ್ಟು ಖಚಿತವಾಗಿ ಹೇಳಲು ನನಗೆ ಬಾಯಿ ಬರಲಿಲ್ಲ.